ಬಿಲ್ಲೆಯ ಅಂಚಿನಲ್ಲಿ ಅಜ್ಜನ ಹೆಸರು

ಸುಣ್ಣ ಬಳಿಯುವಾಗಲೋ, ಅಣ್ಣ ತಮ್ಮಂದಿರ ನಡುವೆ ಮನೆ ಪಾಲಾಗುವಾಗಲೋ ಅಟ್ಟದಿಂದ ಒಂದು ಟ್ರಂಕು ಕೆಳಗಿಳಿಯುತ್ತದೆ. ತುಕ್ಕು ಹಿಡಿದ ಚಿಲಕ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದು ಅರ್ಧ ಅಳಿಸಿಹೋದ ಇಂಗ್ಲಿಷ್ ಅಕ್ಷರಗಳು. ಒಳಗೆ ನುಸಿಗುಳಿಗೆಯ ವಾಸನೆ, ಒಂದು ಉಣ್ಣೆಯ ಕೋಟು, ಮಡಿಕೆ ಹರಿದ ಪಿಂಚಣಿ ಪುಸ್ತಕ, ಮತ್ತು ತಗಡಿನ ಡಬ್ಬಿಯಲ್ಲಿ ನಾಲ್ಕಾರು ಬಿಲ್ಲೆಗಳು. ಕೆಲವು ನಕ್ಷತ್ರದ ಆಕಾರದವು, ಕೆಲವು ದುಂಡಗಿನವು. ಒಂದರ ಮೇಲೆ ಕಿರೀಟ ತೊಟ್ಟ ಅರಸನ ಮುಖ. ಬಣ್ಣ ಮಾಸಿದ ರಿಬ್ಬನ್ನುಗಳು.

ಮನೆಯವರಿಗೆ ಗೊತ್ತಿರುವುದು ಇಷ್ಟೇ. ‘ಅಜ್ಜ ಮಿಲ್ಟ್ರಿಗೆ ಹೋಗಿದ್ದರಂತೆ. ಯುದ್ಧ ಮಾಡಿದ್ದರಂತೆ.’ ಯಾವ ಯುದ್ಧ? ಯಾವ ದೇಶದಲ್ಲಿ? ಯಾವ ಪಲ್ಟನ್ನಿನಲ್ಲಿ? ಹೇಳಬೇಕಾದವರು ಇಲ್ಲ. ಇದ್ದಾಗ ಕೇಳಿದವರೂ ಇಲ್ಲ. ‘ಇವೆಲ್ಲ ಶೌರ್ಯಕ್ಕೆ ಕೊಟ್ಟ ಪದಕಗಳು, ಅಜ್ಜ ಮಹಾವೀರರು’ ಎಂದು ಒಬ್ಬ ಮೊಮ್ಮಗ ಹೇಳುತ್ತಾನೆ. ‘ಬ್ರಿಟಿಷರ ಚಾಕರಿ ಮಾಡಿದ್ದಕ್ಕೆ ಸಿಕ್ಕ ತಗಡು’ ಎಂದು ಇನ್ನೊಬ್ಬ. ಇಬ್ಬರೂ ಬಿಲ್ಲೆಯನ್ನು ತಿರುಗಿಸಿ ನೋಡಿರುವುದಿಲ್ಲ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಭಾರತೀಯ ಸೇನೆಯಲ್ಲಿ 25 ಲಕ್ಷಕ್ಕೂ ಹೆಚ್ಚು ಜನರಿದ್ದರು. ಬಲವಂತದ ಭರ್ತಿಯಿಲ್ಲದೆ ಕಟ್ಟಿದ ಇಷ್ಟು ದೊಡ್ಡ ಸೇನೆ ಜಗತ್ತಿನಲ್ಲಿ ಬೇರೆ ಇರಲಿಲ್ಲ. ಬೆಂಗಳೂರಿನ ದಂಡಿನಲ್ಲಿ, ಬೆಳಗಾವಿಯಲ್ಲಿ, ಕೊಡಗಿನಲ್ಲಿ ಭರ್ತಿಯಾಗಿ ಹೋದವರು ಇವರಲ್ಲಿ ಸೇರಿದ್ದಾರೆ. ಇವರಲ್ಲಿ ಬಹುಮಂದಿ ದಿನಚರಿ ಬರೆಯಲಿಲ್ಲ, ಆತ್ಮಕಥೆ ಬರೆಯಲಿಲ್ಲ. ಹೆಚ್ಚಿನವರ ಪಾಲಿಗೆ ಉಳಿದ ಬರಹವೆಂದರೆ ಈ ಬಿಲ್ಲೆಗಳ ಮೇಲಿನ ಒಂದು ಸಾಲು ಮಾತ್ರ. ಅದನ್ನು ಓದಲು ಕಲಿತರೆ ಸತ್ತವರ ಬಗ್ಗೆ ಊಹೆಯ ಬದಲು ನಾಲ್ಕು ಖಚಿತ ಮಾತುಗಳನ್ನು ಹೇಳಬಹುದು.

ಬಹುಮಾನವಲ್ಲ, ಹಾಜರಿ

ಮೊದಲು ತಿಳಿಯಬೇಕಾದದ್ದು ಒಂದು ಮುಖ್ಯ ವ್ಯತ್ಯಾಸ. ಸೈನಿಕನ ಎದೆಯ ಮೇಲಿನ ಪದಕಗಳೆಲ್ಲ ಒಂದೇ ಜಾತಿಯವಲ್ಲ. ಒಬ್ಬ ವ್ಯಕ್ತಿ ಒಂದು ನಿರ್ದಿಷ್ಟ ದಿನ ತೋರಿದ ಧೈರ್ಯಕ್ಕೆ ಕೊಡುವುದು ಶೌರ್ಯ ಪದಕ. ಒಂದು ಯುದ್ಧರಂಗದಲ್ಲಿ ನಿಗದಿತ ಅವಧಿಯಲ್ಲಿ ಕರ್ತವ್ಯದ ಮೇಲೆ ಇದ್ದವರಿಗೆಲ್ಲ ಕೊಡುವುದು ಸೇವಾ ಪದಕ. ಮೊದಲನೆಯದು ಬಹುಮಾನ, ಎರಡನೆಯದು ಹಾಜರಿ.

ಟ್ರಂಕುಗಳಲ್ಲಿ ಸಿಗುವುದು ಬಹುಪಾಲು ಎರಡನೆಯ ಜಾತಿಯವು. ಬಂದೂಕು ಹಿಡಿದ ಸಿಪಾಯಿಗೂ, ಲಾರಿ ಓಡಿಸಿದ ಚಾಲಕನಿಗೂ, ಆಸ್ಪತ್ರೆಯಲ್ಲಿ ಗಾಯ ಕಟ್ಟಿದವನಿಗೂ, ಸುಬೇದಾರನಿಗೂ, ಬ್ರಿಟಿಷ್ ಕರ್ನಲ್‌ಗೂ ಒಂದೇ ನಕ್ಷತ್ರ. ‘ಅಜ್ಜನಿಗೆ ನಾಲ್ಕು ಶೌರ್ಯ ಪದಕ’ ಎಂದು ಊರಲ್ಲಿ ಹೇಳಿಕೊಂಡು ಬಂದವರಿಗೆ ಇದನ್ನು ಕೇಳಿ ನಿರಾಶೆಯಾದೀತು. ಆದರೆ ಹಾಜರಿ ಪುಸ್ತಕಕ್ಕೆ ಒಂದು ಗುಣವಿದೆ. ಅದು ಹೊಗಳುವುದಿಲ್ಲ, ಸುಳ್ಳೂ ಹೇಳುವುದಿಲ್ಲ. ಮನುಷ್ಯ ಎಲ್ಲಿದ್ದ, ಯಾವಾಗ ಇದ್ದ ಎಂಬುದನ್ನು ಮಾತ್ರ ಹೇಳುತ್ತದೆ.

ಶೌರ್ಯ ಪದಕವೇ ಸಿಕ್ಕಿದರೆ ಗುರುತಿಸುವುದು ಹೇಗೆ? ಅದರ ಮೇಲಿನ ಬರಹವೇ ಸಾಮಾನ್ಯವಾಗಿ ಹೇಳುತ್ತದೆ. ‘ಮಿಲಿಟರಿ ಮೆಡಲ್’ನ ಹಿಂಬದಿಯಲ್ಲಿ ‘ಫಾರ್ ಬ್ರೇವರಿ ಇನ್ ದ ಫೀಲ್ಡ್’ ಎಂದಿರುತ್ತದೆ. 1907ರಲ್ಲಿ ಸ್ಥಾಪನೆಯಾದ ‘ಇಂಡಿಯನ್ ಡಿಸ್ಟಿಂಗ್ವಿಷ್ಡ್ ಸರ್ವೀಸ್ ಮೆಡಲ್’ನ ಹಿಂಬದಿಯಲ್ಲಿ ಎಲೆಗಳ ಹಾರದ ನಡುವೆ ‘ಫಾರ್ ಡಿಸ್ಟಿಂಗ್ವಿಷ್ಡ್ ಸರ್ವೀಸ್’ ಎಂದಿರುತ್ತದೆ. 1939–45ರ ವಾರ್ ಮೆಡಲ್‌ನ ರಿಬ್ಬನ್ನಿಗೆ ಸಣ್ಣ ಕಂಚಿನ ಎಲೆಯೊಂದನ್ನು ಚುಚ್ಚಿದ್ದರೆ, ಆ ಸೈನಿಕನ ಹೆಸರನ್ನು ಸೇನಾಪತಿಯ ವರದಿಯಲ್ಲಿ ಪ್ರಶಂಸೆಯೊಡನೆ ಉಲ್ಲೇಖಿಸಲಾಗಿತ್ತು ಎಂದರ್ಥ. ಎಷ್ಟೋ ಮನೆಗಳಲ್ಲಿ ಈ ಎಲೆಯನ್ನು ಬರಿಯ ಅಲಂಕಾರವೆಂದು ತಿಳಿದಿರುತ್ತಾರೆ.

ರಿಬ್ಬನ್ನೇ ನಕ್ಷೆ

ಎರಡನೆಯ ಮಹಾಯುದ್ಧದ ನಕ್ಷತ್ರ ಪದಕಗಳು ನೋಡಲು ಒಂದೇ ಥರ. ಆರು ಮೊನೆಗಳು, ಹಿತ್ತಾಳೆಯಂತೆ ಹಳದಿ ಲೋಹ, ನಡುವೆ ಆರನೆಯ ಜಾರ್ಜ್ ದೊರೆಯ ಹೆಸರಿನ ಮೊದಲ ಅಕ್ಷರಗಳ ಹೆಣಿಗೆ, ಅದರ ಮೇಲೆ ಕಿರೀಟ. ಸುತ್ತಲಿನ ಉಂಗುರದಲ್ಲಿ ಪದಕದ ಹೆಸರು. ಅಕ್ಷರ ಸವೆದಿದ್ದರೆ ರಿಬ್ಬನ್ನನ್ನು ನೋಡಬೇಕು. ಇವುಗಳ ಬಣ್ಣಗಳ ವಿನ್ಯಾಸವನ್ನು ಸ್ವತಃ ಜಾರ್ಜ್ ದೊರೆಯೇ ಮಾಡಿದನೆಂದು ಹೇಳುತ್ತಾರೆ. ಒಂದೊಂದು ಬಣ್ಣಕ್ಕೂ ಒಂದು ಅರ್ಥವಿದೆ.

ಕಡುನೀಲಿ, ಕೆಂಪು, ತಿಳಿನೀಲಿಯ ಮೂರು ಸಮ ಪಟ್ಟಿಗಳಿದ್ದರೆ ಅದು ‘1939–45 ಸ್ಟಾರ್’. ನೌಕಾಪಡೆ, ಭೂಸೇನೆ, ವಾಯುಪಡೆಗಳ ಬಣ್ಣಗಳವು. ಭೂಸೇನೆಯವರು ಇದನ್ನು ಪಡೆಯಲು ಸಾಮಾನ್ಯವಾಗಿ ಆರು ತಿಂಗಳು ಯುದ್ಧರಂಗದಲ್ಲಿ ಸೇವೆ ಸಲ್ಲಿಸಿರಬೇಕಿತ್ತು.

ಮರಳಿನ ಬಣ್ಣದ ರಿಬ್ಬನ್ನಿನ ನಡುವೆ ಅಗಲವಾದ ಕೆಂಪು ಪಟ್ಟಿ, ಅದರ ಒಂದು ಬದಿಗೆ ಕಡುನೀಲಿ, ಇನ್ನೊಂದು ಬದಿಗೆ ತಿಳಿನೀಲಿ ಗೀಟು ಇದ್ದರೆ ಅದು ‘ಆಫ್ರಿಕಾ ಸ್ಟಾರ್’. ಮರಳಿನ ಬಣ್ಣ ಅಲ್ಲಿನ ಮರುಭೂಮಿಯದು. 1940ರ ಜೂನ್ 10ರಿಂದ 1943ರ ಮೇ 12ರ ನಡುವೆ ಉತ್ತರ ಆಫ್ರಿಕಾದಲ್ಲಿ ಇದ್ದವರಿಗೆ ಇದು ಸಂದಿದೆ. ಎರಿಟ್ರಿಯ, ಅಬಿಸೀನಿಯಗಳಲ್ಲಿ ಇಟಲಿಯ ಪಡೆಗಳ ವಿರುದ್ಧ ಹೋರಾಡಿದವರಿಗೂ ಸಿಕ್ಕಿದೆ. ಅಲ್ಲಿ ಒಂದೇ ದಿನ ಕರ್ತವ್ಯದ ಮೇಲಿದ್ದರೂ ಸಾಕಿತ್ತು.

ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು ಎಂಬ ಐದು ಸಮ ಪಟ್ಟಿಗಳು ‘ಇಟಲಿ ಸ್ಟಾರ್’ನವು. ಇವು ಇಟಲಿಯ ಧ್ವಜದ ಬಣ್ಣಗಳು. ಇದರ ಅವಧಿ 1943ರ ಜೂನ್ 11ರಿಂದ 1945ರ ಮೇ 8.

ಕಡುನೀಲಿಯ ನಡುವೆ ಅಗಲವಾದ ಕೆಂಪು, ಎರಡೂ ಕಡೆಯ ನೀಲಿಯ ಮಧ್ಯದಲ್ಲಿ ಕಿತ್ತಳೆ ಬಣ್ಣದ ಗೀಟು ಇದ್ದರೆ ‘ಬರ್ಮಾ ಸ್ಟಾರ್’. ಕಿತ್ತಳೆ ಬಣ್ಣ ಸೂರ್ಯನದಂತೆ. 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗಿನ ಕಾಲ ಇದರದು. ಬರ್ಮಾಕ್ಕೆ ಕಾಲಿಟ್ಟವರಿಗೆ ಮಾತ್ರವಲ್ಲ, ಬಂಗಾಳ ಮತ್ತು ಅಸ್ಸಾಮಿನ ಗೊತ್ತುಪಡಿಸಿದ ಭಾಗಗಳಲ್ಲಿ ಗೊತ್ತುಪಡಿಸಿದ ದಿನಗಳಲ್ಲಿ ಇದ್ದವರಿಗೂ ಇದು ಸಿಕ್ಕಿದೆ. 1944ರಲ್ಲಿ ಕೊಹಿಮಾ, ಇಂಫಾಲಗಳಲ್ಲಿ ಜಪಾನೀಯರನ್ನು ತಡೆದವರ ಎದೆಯ ಮೇಲೆ ಇದ್ದದ್ದು ಇದೇ.

ಕಡುಹಸಿರಿನ ನಡುವೆ ಹಳದಿ ಪಟ್ಟಿ, ಅಂಚಿಗೆ ಕೆಂಪು ಇದ್ದರೆ ಅದು ‘ಪೆಸಿಫಿಕ್ ಸ್ಟಾರ್’. ಹಸಿರು ಕಾಡಿಗೆ, ಹಳದಿ ಕಡಲದಂಡೆಗೆ. ಹೆಸರು ದೂರದ ಸಾಗರದ್ದಾದರೂ 1941–42ರಲ್ಲಿ ಮಲಯ ಮತ್ತು ಸಿಂಗಪುರದಲ್ಲಿ ಕಾದಾಡಿದ ಭಾರತೀಯರಿಗೂ ಇದೇ ಪದಕ.

ಇನ್ನು ದುಂಡು ಪದಕಗಳು. ಅರಸನ ಮುಖವಿದ್ದು, ಹಿಂಬದಿಯಲ್ಲಿ ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತ ಸಿಂಹವಿದ್ದರೆ ಅದು ‘ವಾರ್ ಮೆಡಲ್’. ಯುದ್ಧಕಾಲದಲ್ಲಿ 28 ದಿನ ಪೂರ್ಣಾವಧಿ ಸೇವೆ ಮಾಡಿದವರಿಗೆಲ್ಲ ಇದು ಸಂದಿತು. ನೋಡಲು ಬೆಳ್ಳಿಯಂತಿದ್ದರೂ ಬೆಳ್ಳಿಯಲ್ಲ, ತಾಮ್ರ ಮತ್ತು ನಿಕ್ಕಲ್ ಬೆರೆಸಿದ ಲೋಹ. ಹಿಂಬದಿಯಲ್ಲಿ ಭಾರತದ ಭೂಪಟವಿದ್ದರೆ ‘ಇಂಡಿಯಾ ಸರ್ವೀಸ್ ಮೆಡಲ್’. ಮೂರು ವರ್ಷ ಭಾರತದೊಳಗೇ ಸೇವೆ ಸಲ್ಲಿಸಿದವರಿಗೆ ಇದನ್ನು ಕೊಟ್ಟರು. ‘ಡಿಫೆನ್ಸ್ ಮೆಡಲ್’ ಪಡೆದವರಿಗೆ ಇದು ಇಲ್ಲ. ಆ ಡಿಫೆನ್ಸ್ ಮೆಡಲ್‌ನ ರಿಬ್ಬನ್ನಿನಲ್ಲಿ ಬೆಂಕಿಯ ಕಿತ್ತಳೆ ಬಣ್ಣ, ಹಸಿರು ಅಂಚು, ಆ ಹಸಿರಿನಲ್ಲಿ ದೀಪವಾರಿಸಿದ ರಾತ್ರಿಗಳನ್ನು ನೆನಪಿಸುವ ತೆಳು ಕಪ್ಪು ಗೀಟು.

ಒಂದು ಎಚ್ಚರಿಕೆ. ಅಜ್ಜನ ಹಳೆಯ ಕಪ್ಪು ಬಿಳುಪು ಫೋಟೊ ನೋಡಿ ರಿಬ್ಬನ್ನಿನ ಬಣ್ಣ ಊಹಿಸಲು ಹೋಗಬೇಡಿ. ಹಿಂದಿನ ಕೆಲವು ಬಗೆಯ ಫಿಲಮ್ಮುಗಳಲ್ಲಿ ಕೆಂಪು ಬಣ್ಣ ಕಪ್ಪಾಗಿಯೂ ನೀಲಿ ಬಣ್ಣ ಬೆಳ್ಳಗೂ ಕಾಣುತ್ತಿತ್ತು. ರಿಬ್ಬನ್ನುಗಳು ಹಳತಾದಾಗ ಬದಲಾಯಿಸಿ ಕಟ್ಟುವಾಗ ಅದಲು ಬದಲಾಗಿರುವುದೂ ಉಂಟು. ಆದ್ದರಿಂದ ಬಣ್ಣವೂ ಬಿಲ್ಲೆಯ ಹೆಸರೂ ಹೊಂದುತ್ತವೆಯೇ ಎಂದು ನೋಡಬೇಕು.

ಕಿರೀಟವೋ, ಸಿಂಹವೋ?

ಗುಂಡಿ, ಟೋಪಿಯ ಬಿಲ್ಲೆ, ಬೆಲ್ಟಿನ ಬಕಲು ಯಾವುದೇ ಇರಲಿ, ಕಾಲ ತಿಳಿಯಲು ಒಂದು ಸುಲಭ ಉಪಾಯವಿದೆ. ಕಿರೀಟವಿದ್ದರೆ 1950ಕ್ಕೆ ಮೊದಲಿನದು, ಅಶೋಕ ಸ್ತಂಭದ ಸಿಂಹಗಳಿದ್ದರೆ ಗಣರಾಜ್ಯವಾದ ಮೇಲಿನದು ಎಂದು ಸ್ಥೂಲವಾಗಿ ಹೇಳಬಹುದು.

ಎರಡೂ ಕೂಡಿರುವ ಪದಕವೊಂದಿದೆ. 1947ರ ಆಗಸ್ಟ್ 15ರಂದು ಸೇನೆಯಲ್ಲಿ ಇದ್ದವರಿಗೆ ಕೊಟ್ಟ ‘ಇಂಡಿಯನ್ ಇಂಡಿಪೆಂಡೆನ್ಸ್ ಮೆಡಲ್’ ಅದು. ಒಂದು ಕಡೆ ಅಶೋಕ ಚಕ್ರದ ಮೇಲೆ ಬ್ರಿಟಿಷ್ ಕಿರೀಟ, ಸುತ್ತ ಜಾರ್ಜ್ ದೊರೆಯ ಬಿರುದುಗಳು. ಇನ್ನೊಂದು ಕಡೆ ಅಶೋಕನ ಸಿಂಹಗಳು. ರಿಬ್ಬನ್ನು ಕೇಸರಿ, ಬಿಳಿ, ಹಸಿರು. ದೇಶ ಸ್ವತಂತ್ರವಾದರೂ ಗಣರಾಜ್ಯ ಇನ್ನೂ ಆಗಿರದ ಆ ಎರಡೂವರೆ ವರ್ಷಗಳ ಕಥೆಯನ್ನು ಇಷ್ಟು ಚಿಕ್ಕದಾಗಿ ಹೇಳುವ ವಸ್ತು ಇನ್ನೊಂದು ಇರಲಾರದು.

ಅಜ್ಜನ ಡಬ್ಬಿಯಲ್ಲಿ ಈ ಪದಕವಿದ್ದರೆ ಅವರು ಮಹಾಯುದ್ಧ ಮುಗಿದ ಮೇಲೂ ಸೇನೆ ಬಿಡಲಿಲ್ಲ ಎಂದು ತಿಳಿಯಬಹುದು. ಆಗ ‘ಜಮ್ಮು ಮತ್ತು ಕಾಶ್ಮೀರ’ ಎಂಬ ಲೋಹದ ಪಟ್ಟಿಯಿರುವ ‘ಜನರಲ್ ಸರ್ವೀಸ್ ಮೆಡಲ್ 1947’ ಕೂಡ ಇದೆಯೇ ಎಂದು ಹುಡುಕಬೇಕು. ರಕ್ಷಾ ಪದಕ 1965ರ ಯುದ್ಧದ್ದು. ಸಂಗ್ರಾಮ ಪದಕ, ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ 1971ರವು. ಅವು ಅಜ್ಜನದಲ್ಲ, ಮಗನದೋ ಅಳಿಯನದೋ ಇರಬಹುದು. ಒಂದೇ ಡಬ್ಬಿಯಲ್ಲಿ ಎರಡು ತಲೆಮಾರಿನ ಪದಕ ಬೆರೆತುಹೋಗುವುದು ಅಪರೂಪವೇನಲ್ಲ.

ಎಲ್ಲಕ್ಕಿಂತ ಮುಖ್ಯ ಆ ಸಣ್ಣ ಅಕ್ಷರ

ಇಲ್ಲಿಯವರೆಗೆ ಹೇಳಿದ್ದು ಯಾವ ಪದಕ ಎಂಬುದನ್ನು. ಯಾರ ಪದಕ ಎಂದು ತಿಳಿಯಲು ಅದನ್ನು ಬೆಳಕಿಗೆ ಓರೆಯಾಗಿ ಹಿಡಿಯಬೇಕು.

ಬ್ರಿಟನ್ ತನ್ನ ಸೈನಿಕರಿಗೆ ಕೊಟ್ಟ ಎರಡನೆಯ ಮಹಾಯುದ್ಧದ ಸೇವಾ ಪದಕಗಳಲ್ಲಿ ಹೆಸರು ಕೆತ್ತಿಸಲಿಲ್ಲ. ಬೇರೆ ಬಹುತೇಕ ದೇಶಗಳೂ ಅದೇ ದಾರಿ ಹಿಡಿದವು. ಭಾರತ, ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ ಮಾತ್ರ ಹೆಸರು ಒತ್ತಿಸಿ ಕೊಟ್ಟವು. ಹಾಗಾಗಿ ಲಂಡನ್ನಿನ ಮೊಮ್ಮಗನಿಗೆ ಇಲ್ಲದ ಒಂದು ಅನುಕೂಲ ನಮ್ಮ ಹಳ್ಳಿಯ ಮೊಮ್ಮಗನಿಗೆ ಇದೆ. ನಕ್ಷತ್ರ ಪದಕವಾದರೆ ಹಿಂಬದಿಯಲ್ಲಿ, ದುಂಡು ಪದಕವಾದರೆ ನಾಣ್ಯದ ಅಂಚಿನಂತಿರುವ ದಪ್ಪ ಅಂಚಿನಲ್ಲಿ, ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ದಳ ಈ ಕ್ರಮದಲ್ಲಿ ಇರುತ್ತವೆ. ಕಣ್ಣಿಗೆ ಕಾಣದಿದ್ದರೆ ಭೂತಕನ್ನಡಿ ಬೇಕು. ಒಂದು ತೆಳು ಕಾಗದವನ್ನು ಅದರ ಮೇಲಿಟ್ಟು ಪೆನ್ಸಿಲಿನಿಂದ ಹಗುರವಾಗಿ ಉಜ್ಜಿದರೂ ಅಕ್ಷರಗಳು ಮೂಡುತ್ತವೆ.

ಹುದ್ದೆಯನ್ನು ಸಂಕ್ಷೇಪವಾಗಿ ಬರೆದಿರುತ್ತಾರೆ. ‘ಸೆಪ್’ ಎಂದರೆ ಸಿಪಾಯಿ, ‘ಎಸ್‌ಪಿಆರ್’ ಎಂದರೆ ಸ್ಯಾಪರ್, ‘ಜಿಎನ್‌ಆರ್’ ಎಂದರೆ ಫಿರಂಗಿದಳದ ಗನ್ನರ್, ‘ಎನ್‌ಕೆ’ ಎಂದರೆ ನಾಯಕ್, ‘ಹವ್’ ಎಂದರೆ ಹವಲ್ದಾರ್, ‘ಜೆಮ್’ ಎಂದರೆ ಜಮಾದಾರ್. ಈ ಜಮಾದಾರ್ ಎಂಬ ಹುದ್ದೆಯ ಹೆಸರು 1965ರಲ್ಲಿ ನಾಯಬ್ ಸುಬೇದಾರ್ ಎಂದು ಬದಲಾಯಿತು. ದಳದ ಹೆಸರೂ ಹಾಗೆಯೇ. ‘ಆರ್.ಐ.ಎ.ಎಸ್.ಸಿ.’ ಎಂದರೆ ಸೇನೆಗೆ ದವಸ ಧಾನ್ಯ, ಪೆಟ್ರೋಲು ಸಾಗಿಸುತ್ತಿದ್ದ ರಾಯಲ್ ಇಂಡಿಯನ್ ಆರ್ಮಿ ಸರ್ವೀಸ್ ಕೋರ್. ‘ಐ.ಎ.ಎಂ.ಸಿ.’ ಎಂದರೆ ವೈದ್ಯಕೀಯ ದಳ. ‘ಎಸ್. ಅಂಡ್ ಎಂ.’ ಎಂದರೆ ಸೇತುವೆ ಕಟ್ಟಿ, ರಸ್ತೆ ಮಾಡಿ, ನೆಲಬಾಂಬು ತೆಗೆಯುತ್ತಿದ್ದ ಸ್ಯಾಪರ್ಸ್ ಅಂಡ್ ಮೈನರ್ಸ್.

ಹೆಸರಿನ ಕಾಗುಣಿತ ನೋಡಿ ಗಾಬರಿಯಾಗಬಾರದು. ಭರ್ತಿ ಮಾಡಿಕೊಂಡ ಗುಮಾಸ್ತ ಕಿವಿಗೆ ಕೇಳಿದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿರುತ್ತಾನೆ. ತಂದೆಯ ಹೆಸರು, ಊರಿನ ಹೆಸರು ಬಿಟ್ಟುಹೋಗಿ ಒಂದೇ ಹೆಸರು ಉಳಿದಿರುತ್ತದೆ. ಒಂದೇ ದಳದಲ್ಲಿ ಅದೇ ಹೆಸರಿನವರು ಹತ್ತಾರು ಮಂದಿ ಇದ್ದಿರಬಹುದು. ಅದಕ್ಕೇ ಸಂಖ್ಯೆ ಮುಖ್ಯ. ಹೆಸರಿನಿಂದ ಹುಡುಕಿದರೆ ಅಜ್ಜ ಗುಂಪಿನಲ್ಲಿ ಕಳೆದುಹೋಗುತ್ತಾರೆ. ಸಂಖ್ಯೆಯಿಂದ ಹುಡುಕಿದರೆ ಅವರೊಬ್ಬರೇ ಸಿಗುತ್ತಾರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಳಗಾವಿ ಕಡೆಯ ಒಂದು ಮನೆ. ‘ಅಜ್ಜ ಬರ್ಮಾದಿಂದ ಕಾಡಿನ ದಾರಿಯಲ್ಲಿ ನಡೆದು ಬಂದರು’ ಎಂಬ ಕಥೆ ಆ ಮನೆಯಲ್ಲಿ ಮೂರು ತಲೆಮಾರಿನಿಂದ ಇದೆ. ಡಬ್ಬಿಯಲ್ಲಿರುವುದು 1939–45 ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಮತ್ತು ವಾರ್ ಮೆಡಲ್. ಎಲ್ಲದರ ಮೇಲೂ ಒಂದೇ ಸಂಖ್ಯೆ, ನಾಯಕ್ ಹುದ್ದೆ, ಮರಾಠಾ ಲಘು ಪದಾತಿ ದಳ. ಬರ್ಮಾ ಸ್ಟಾರ್ ಇಲ್ಲ. ಅಂದರೆ ಈ ಅಜ್ಜ ಹೋದದ್ದು ಪಶ್ಚಿಮಕ್ಕೆ. ಆ ದಳದ ಮೂರನೆಯ ಬೆಟಾಲಿಯನ್ 1941ರಲ್ಲಿ ಎರಿಟ್ರಿಯದ ಕೆರೆನ್ ಬೆಟ್ಟಗಳಲ್ಲಿ ಕಾದಾಡಿ, ಮುಂದೆ ಇಟಲಿಗೆ ಹೋಯಿತು. ಅದೇ ಬೆಟಾಲಿಯನ್ನಿನ ನಾಯಕ್ ಯಶವಂತ ಘಾಡಗೆ 1944ರ ಜುಲೈನಲ್ಲಿ ಇಟಲಿಯ ಟೈಬರ್ ಕಣಿವೆಯಲ್ಲಿ ಸತ್ತು ವಿಕ್ಟೋರಿಯಾ ಕ್ರಾಸ್ ಪಡೆದ. ನಮ್ಮ ಉದಾಹರಣೆಯ ಅಜ್ಜ ಅದೇ ಬೆಟಾಲಿಯನ್ನಿನವರೋ ಅಲ್ಲವೋ ಎಂಬುದನ್ನು ಬಿಲ್ಲೆ ಹೇಳದಿರಬಹುದು, ಸಂಖ್ಯೆ ಹಿಡಿದು ಹೋದರೆ ದಾಖಲೆ ಹೇಳುತ್ತದೆ. ಹಾಗಾದರೆ ಬರ್ಮಾದ ಕಥೆ ಸುಳ್ಳೇ? ಬೇರೆ ಯಾರದೋ ನಿಜವಿರಬಹುದು. ಅಜ್ಜನ ಅಣ್ಣನದೋ, ಷಡ್ಡಕನದೋ. ಹೇಳುವ ಬಾಯಿ ಬದಲಾದಂತೆ ಕಥೆ ಒಬ್ಬರಿಂದ ಇನ್ನೊಬ್ಬರ ಹೆಗಲಿಗೆ ಏರಿರುತ್ತದೆ.

ಬಟ್ಟೆಯ ತುಂಡುಗಳು

ಲೋಹವನ್ನು ಎತ್ತಿಟ್ಟುಕೊಂಡವರು ಬಟ್ಟೆಯನ್ನು ಎಸೆಯುವುದುಂಟು. ಅದು ತಪ್ಪು. ತೋಳಿನ ಮೇಲೆ ಹೊಲಿಯುತ್ತಿದ್ದ ಅಂಗೈಯಷ್ಟು ಬಟ್ಟೆಯ ಚಿತ್ರ, ಸೈನಿಕ ಯಾವ ಡಿವಿಜನ್ನಿನಲ್ಲಿದ್ದ ಎಂಬುದನ್ನು ಪದಕಕ್ಕಿಂತ ಸ್ಪಷ್ಟವಾಗಿ ಹೇಳುತ್ತದೆ. ಶತ್ರುಗಳಿಗೆ ದಳದ ಹೆಸರು ತಿಳಿಯಬಾರದೆಂದು ಅಕ್ಷರದ ಬದಲು ಚಿತ್ರ ಬಳಸುತ್ತಿದ್ದರು. ಕೆಂಪು ಹದ್ದು ಇದ್ದರೆ ನಾಲ್ಕನೆಯ ಭಾರತೀಯ ಡಿವಿಜನ್. ಅದು ಎರಿಟ್ರಿಯ, ಉತ್ತರ ಆಫ್ರಿಕ, ಇಟಲಿಗಳಲ್ಲಿ ಹೋರಾಡಿತು. ಕಪ್ಪು ಬಟ್ಟೆಯ ಮೇಲೆ ಕೆಂಪು ವೃತ್ತವಿದ್ದರೆ ಐದನೆಯದು. ಅದನ್ನು ‘ಬೆಂಕಿಯ ಚೆಂಡು’ ಎನ್ನುತ್ತಿದ್ದರು. ಅದು ಆಫ್ರಿಕದಿಂದ ಬಂದು ಬರ್ಮಾದಲ್ಲಿಯೂ ಹೋರಾಡಿತು. ಬಂಗಾರದ ಬಣ್ಣದ ಬಾಣ ಏಳನೆಯ ಡಿವಿಜನ್ನಿನದು, ಕಪ್ಪು ಬೆಕ್ಕು ಹದಿನೇಳನೆಯದು. ಕಠಾರಿ ಹಿಡಿದ ಕೈ ಹತ್ತೊಂಬತ್ತನೆಯದು, 1945ರ ಮಾರ್ಚ್‌ನಲ್ಲಿ ಮಾಂಡಲೆಯನ್ನು ಗೆದ್ದದ್ದು ಅದೇ. ಈ ಕೊನೆಯ ಮೂರೂ ಬರ್ಮಾ ರಂಗದವು.

ತೋಳಿನ ಮೇಲೆ ‘ವಿ’ ಆಕಾರದ ಪಟ್ಟಿಗಳಿದ್ದರೆ ಎಣಿಸಿ. ಒಂದಾದರೆ ಲ್ಯಾನ್ಸ್ ನಾಯಕ್, ಎರಡಾದರೆ ನಾಯಕ್, ಮೂರಾದರೆ ಹವಲ್ದಾರ್. ಭುಜದ ಮೇಲೆ ಹಚ್ಚುತ್ತಿದ್ದ ಹಿತ್ತಾಳೆಯ ಅಕ್ಷರಗಳು ದಳದ ಹೆಸರಿನವು. ಟೋಪಿಯ ಬಿಲ್ಲೆಯಲ್ಲಿ ಕಹಳೆಯಿದ್ದರೆ ಲಘು ಪದಾತಿ ದಳವಿರಬಹುದು ಎಂದು ಅಲ್ಲಿಂದ ಹುಡುಕಾಟ ಶುರು ಮಾಡಬಹುದು. ಪದಕದ ಮೇಲಿನ ಹುದ್ದೆಗೂ ಕೋಟಿನ ಮೇಲಿನ ಪಟ್ಟಿಗೂ ತಾಳೆಯಾಗದಿದ್ದರೆ ಸಂಶಯ ಪಡಬೇಕಾಗಿಲ್ಲ. ನಡುವೆ ಬಡ್ತಿ ಸಿಕ್ಕಿರಬಹುದು.

ಮೊದಲ ಯುದ್ಧದ ಬಿಲ್ಲೆಗಳು

ಮುತ್ತಜ್ಜನ ಕಾಲದ, ಅಂದರೆ 1914–18ರ ಯುದ್ಧದ ಪದಕಗಳು ಬೇರೆ. ಬೆಳ್ಳಿಯ ‘ಬ್ರಿಟಿಷ್ ವಾರ್ ಮೆಡಲ್’ನಲ್ಲಿ ಒಂದು ಕಡೆ ಐದನೆಯ ಜಾರ್ಜ್, ಇನ್ನೊಂದು ಕಡೆ ಕುದುರೆ ಸವಾರ. ಕಂಚಿನ ‘ವಿಕ್ಟರಿ ಮೆಡಲ್’ನಲ್ಲಿ ರೆಕ್ಕೆಯುಳ್ಳ ವಿಜಯದೇವತೆ, ಕಾಮನಬಿಲ್ಲಿನ ಬಣ್ಣದ ರಿಬ್ಬನ್ನು. ಇವುಗಳ ಅಂಚಿನಲ್ಲಿಯೂ ಸಂಖ್ಯೆ, ಹೆಸರು, ದಳ ಇರುತ್ತವೆ. ಬೆಳ್ಳಿಯ ಬೆಲೆ ಏರಿದಾಗ ಮೊದಲನೆಯದನ್ನು ಕರಗಿಸಿದವರು ಎಷ್ಟೋ ಮಂದಿ.

ಬ್ರಿಟಿಷ್ ವಾರ್ ಮೆಡಲ್ ನಿಮ್ಮಲ್ಲಿ ಕಂಚಿನದಾಗಿದ್ದರೆ ನಕಲಿ ಎಂದು ಎಸೆಯಬೇಡಿ. ಭಾರತ, ಚೀನಾ, ಮಾಲ್ಟಾಗಳಿಂದ ಕೂಲಿ ದಳಗಳಲ್ಲಿ ಹೋದವರಿಗೆ ಅದೇ ಪದಕವನ್ನು ಬೆಳ್ಳಿಯ ಬದಲು ಕಂಚಿನಲ್ಲಿ ಕೊಟ್ಟರು. ಗುಂಡಿನ ಮಳೆಯಲ್ಲಿ ಹಾರೆ ಗುದ್ದಲಿ ಹಿಡಿದವರ ಬಗ್ಗೆ ಸಾಮ್ರಾಜ್ಯದ ಲೆಕ್ಕ ಏನಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸುಮಾರು 12 ಸೆಂಟಿಮೀಟರ್ ಅಗಲದ ದುಂಡಗಿನ ಕಂಚಿನ ತಟ್ಟೆಯೊಂದು ಸಿಕ್ಕರೆ, ಅದರ ಮೇಲೆ ಈಟಿಯಂಥ ಆಯುಧ ಹಿಡಿದು ನಿಂತ ಸ್ತ್ರೀಯೂ ಸಿಂಹವೂ ಇದ್ದರೆ, ತುಸು ತಡೆದು ನೋಡಿ. ಅದು ಪದಕವಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗೆ ಕಳಿಸಿದ ಸ್ಮರಣ ಫಲಕ. ಅದರಲ್ಲಿ ಸಂಖ್ಯೆಯಿಲ್ಲ, ಹುದ್ದೆಯೂ ಇಲ್ಲ, ಹೆಸರು ಮಾತ್ರ. ಸತ್ತ ಮೇಲೆ ಎಲ್ಲರೂ ಸಮಾನರೆಂದು ಹುದ್ದೆಯನ್ನು ಬೇಕೆಂದೇ ಬಿಟ್ಟರು.

ನಮ್ಮ ಕಡೆ ಈ ಯುದ್ಧದ ನೆನಪು ಮುಖ್ಯವಾಗಿ ಮೈಸೂರು ಲ್ಯಾನ್ಸರ್ಸ್‌ನದು. ಈಜಿಪ್ಟಿಗೆ ಹೋದ ಈ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಲ್ಯಾನ್ಸರ್ಸ್ ಜತೆಗೂಡಿ ಹೈಫಾ ಪಟ್ಟಣವನ್ನು ಗೆದ್ದಿತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಮೈಸೂರು, ಜೋಧಪುರ ಲ್ಯಾನ್ಸರ್ಸ್‌ನವು.

ಪದಕವೇ ಇಲ್ಲದ ಮನೆಗಳು

ಕೆಲವು ಮನೆಗಳಲ್ಲಿ ಕಥೆಯಿದೆ, ಪದಕವಿಲ್ಲ. ಅದಕ್ಕೂ ಕಾರಣವಿರಬಹುದು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾದಾಗ ಹತ್ತಾರು ಸಾವಿರ ಭಾರತೀಯ ಸೈನಿಕರು ಸೆರೆಯಾದರು. ಮೈಸೂರು ಸಂಸ್ಥಾನದ ಪದಾತಿ ದಳದ ಒಂದು ಬೆಟಾಲಿಯನ್ನೂ ಅಲ್ಲಿತ್ತು. ಸೆರೆಸಿಕ್ಕವರಲ್ಲಿ ಅನೇಕರು ಆಜಾದ್ ಹಿಂದ್ ಫೌಜ್ ಸೇರಿದರು, ಅನೇಕರು ಸೇರಲಿಲ್ಲ. ಯುದ್ಧ ಮುಗಿದ ಮೇಲೆ ಫೌಜಿನವರನ್ನು ಬ್ರಿಟಿಷರು ಸೇನೆಯಿಂದ ವಜಾ ಮಾಡಿದರು. ಅಂಥವರ ಮನೆಯಲ್ಲಿ ಪದಕದ ಬದಲು ಸ್ವಾತಂತ್ರ್ಯ ಯೋಧರ ಪಿಂಚಣಿಯ ಕಾಗದ ಇರಬಹುದು. 1972ರ ಪಿಂಚಣಿ ಯೋಜನೆಯಲ್ಲಿ ಇವರನ್ನೂ ಸೇರಿಸಲಾಯಿತು. ಆ ಅರ್ಜಿಯ ಕಡತವೂ ಒಂದು ದಾಖಲೆಯೇ.

ಒಂದೇ ಊರಿನಿಂದ, ಒಂದೇ ದಿನ, ಒಂದೇ ರೈಲಿನಲ್ಲಿ ಹೊರಟ ಇಬ್ಬರಲ್ಲಿ ಒಬ್ಬನ ಎದೆಯ ಮೇಲೆ ಬರ್ಮಾ ಸ್ಟಾರ್ ಇದ್ದು, ಅವನೆದುರು ನಿಂತು ಕಾದಾಡಿದ ಇನ್ನೊಬ್ಬನ ಕೈಯಲ್ಲಿ ಏನೂ ಇಲ್ಲದೆ ಇರುವುದು ಆ ಯುದ್ಧದಲ್ಲಿ ಸಾಧ್ಯವಿತ್ತು. ‘ವೀರ’, ‘ಚಾಕರ’ ಎಂಬ ಎರಡು ಮಾತುಗಳಲ್ಲಿ ಇವರನ್ನು ವಿಂಗಡಿಸಲು ಹೊರಡುವವರು ಇದನ್ನು ನೆನಪಿಡಬೇಕು.

ಮುಂದೆ ಎಲ್ಲಿ ವಿಚಾರಿಸಬೇಕು?

ಸಂಖ್ಯೆ ಮತ್ತು ದಳದ ಹೆಸರು ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ. ಭಾರತೀಯ ಸೈನಿಕರ ಸೇವಾ ದಾಖಲೆಗಳನ್ನು ಆಯಾ ದಳದ ರೆಕಾರ್ಡ್ಸ್ ಆಫೀಸು ನೋಡಿಕೊಳ್ಳುತ್ತದೆ. ಹಳೆಯ ಹೆಸರಿಗೆ ಇಂದಿನ ಹೆಸರು ಯಾವುದು ಎಂದು ಮಾತ್ರ ಮೊದಲು ತಿಳಿಯಬೇಕು. ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಈಗಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಕೇಂದ್ರ ಬೆಂಗಳೂರಿನಲ್ಲೇ ಇದೆ. ಆರ್.ಐ.ಎ.ಎಸ್.ಸಿ. ಈಗಿನ ಆರ್ಮಿ ಸರ್ವೀಸ್ ಕೋರ್, ಅದರ ಕೇಂದ್ರವೂ ಬೆಂಗಳೂರಿನಲ್ಲಿ. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿದೆ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್. 1941ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಮಹಾರ್ ರೆಜಿಮೆಂಟಿನ ಕೇಂದ್ರ ಈಗ ಮಧ್ಯಪ್ರದೇಶದ ಸಾಗರದಲ್ಲಿ. ಹತ್ತೊಂಬತ್ತನೆಯ ಹೈದರಾಬಾದ್ ರೆಜಿಮೆಂಟ್ 1945ರಲ್ಲಿ ಕುಮಾವೂ ರೆಜಿಮೆಂಟ್ ಆಯಿತು. ಕೊಡಗಿನ ಜನರಲ್ ತಿಮ್ಮಯ್ಯನವರು ಬರ್ಮಾ ರಂಗದಲ್ಲಿ ಮುನ್ನಡೆಸಿದ್ದು ಅದರ ಒಂದು ಬೆಟಾಲಿಯನ್ನನ್ನೇ. ಬಲೂಚ್‌ನಂಥ ಕೆಲವು ದಳಗಳು 1947ರ ವಿಭಜನೆಯಲ್ಲಿ ಪಾಕಿಸ್ತಾನದ ಪಾಲಾದವು. ಅವುಗಳಲ್ಲಿ ಇದ್ದವರ ದಾರಿ ಹುಡುಕುವುದು ಕಷ್ಟ.

ಪತ್ರ ಬರೆಯುವಾಗ ಸಂಖ್ಯೆ, ಹುದ್ದೆ, ಪದಕದ ಮೇಲಿರುವ ಕಾಗುಣಿತದಲ್ಲೇ ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು, ನಿಮಗೂ ಅವರಿಗೂ ಇರುವ ಸಂಬಂಧ ಇಷ್ಟನ್ನೂ ಕಾಣಿಸಬೇಕು. ಬಿಡುಗಡೆ ಪತ್ರ, ಪಿಂಚಣಿ ಪುಸ್ತಕ ಇದ್ದರೆ ಅದರ ಪ್ರತಿ ಲಗತ್ತಿಸಬೇಕು. ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಯಾವ ವಿಳಾಸಕ್ಕೆ ಬರೆಯಬೇಕೆಂದು ವಿಚಾರಿಸಬಹುದು.

ಯುದ್ಧದಲ್ಲಿ ಸತ್ತವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಅನೇಕ ಹೆಸರುಗಳ ಮುಂದೆ ತಂದೆಯ ಹೆಸರೂ ಊರೂ ಇರುತ್ತವೆ. ಬರ್ಮಾದಲ್ಲಿ ಸಮಾಧಿ ತಿಳಿಯದ ಸುಮಾರು 27 ಸಾವಿರ ಮಂದಿಯ ಹೆಸರುಗಳು ಯಾಂಗೋನ್ ಬಳಿಯ ರಂಗೂನ್ ಸ್ಮಾರಕದ ಕಂಬಗಳ ಮೇಲಿವೆ. ಶೌರ್ಯ ಪದಕವಾದರೆ ‘ಲಂಡನ್ ಗೆಜೆಟ್’ನಲ್ಲಿ ಪ್ರಕಟವಾಗಿರುತ್ತದೆ. ಎರಡನೆಯ ಯುದ್ಧದಲ್ಲಿ ಪದಕಕ್ಕೆ ಮಾಡಿದ ಶಿಫಾರಸು ಪತ್ರಗಳು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಆ ದಿನ ಆ ಮನುಷ್ಯ ಏನು ಮಾಡಿದ ಎಂಬ ವರ್ಣನೆ ಅದರಲ್ಲಿ ಸಿಗುತ್ತದೆ.

ತೊಳೆಯಬೇಡಿ

ಇಷ್ಟು ಓದಿ ಟ್ರಂಕು ಇಳಿಸುವವರಿಗೆ ಕೊನೆಯದಾಗಿ ಒಂದು ಮಾತು. ಹುಣಸೇಹಣ್ಣು, ಬೂದಿ, ಬ್ರಾಸೊ ಯಾವುದನ್ನೂ ಹಚ್ಚಿ ಉಜ್ಜಬೇಡಿ. ದೇವರ ಪಾತ್ರೆಗೆ ಬರುವ ಹೊಳಪು ಬಿಲ್ಲೆಗೂ ಬರುತ್ತದೆ ನಿಜ, ಆದರೆ ತಿಕ್ಕಿದಷ್ಟೂ ಅಕ್ಷರ ಸವೆಯುತ್ತದೆ. ಹೊಳೆಯುವ ಅರಸನ ಮುಖಕ್ಕಾಗಿ ಅಜ್ಜನ ಹೆಸರನ್ನು ಅಳಿಸಿದಂತಾಗುತ್ತದೆ. ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ರಿಬ್ಬನ್ನನ್ನು ನೀರಿಗೆ ಹಾಕಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ, ಬಿಳಿಯ ಹತ್ತಿ ಬಟ್ಟೆಯಲ್ಲಿ ಬೇರೆ ಬೇರೆಯಾಗಿ ಸುತ್ತಿ ತೇವವಿಲ್ಲದ ಕಡೆ ಇಡಬೇಕು. ಎರಡೂ ಬದಿಯ ಮತ್ತು ಅಂಚಿನ ಫೋಟೊ ತೆಗೆದು, ಓದಿದ ಅಕ್ಷರಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು ಜತೆಗಿಡಬೇಕು. ಪಾಲು ಮಾಡುವಾಗ ಒಬ್ಬೊಬ್ಬರಿಗೆ ಒಂದೊಂದು ಬಿಲ್ಲೆ ಎಂದು ಹಂಚಿಕೊಂಡರೆ ಸಾಲು ಒಡೆಯುತ್ತದೆ, ಜತೆಗಿದ್ದಾಗ ಹೇಳುತ್ತಿದ್ದ ಕಥೆಯೂ ಒಡೆಯುತ್ತದೆ.

ಇಷ್ಟೆಲ್ಲ ಹುಡುಕಿದ ಮೇಲೆ ಸಿಗುವ ಅಜ್ಜ ಬಹುಶಃ ಮಹಾವೀರರಾಗಿರುವುದಿಲ್ಲ. ಮರುಭೂಮಿಯಲ್ಲಿ ಲಾರಿ ಓಡಿಸಿದವರೋ, ಮಳೆಗಾಲದ ಬರ್ಮಾದಲ್ಲಿ ಸೇತುವೆಗೆ ಹಲಗೆ ಹೊತ್ತವರೋ ಆಗಿರುತ್ತಾರೆ. ಇಪ್ಪತ್ತು ಇಪ್ಪತ್ತೆರಡರ ವಯಸ್ಸಿನಲ್ಲಿ, ಊರಿನ ಸಂತೆಗಿಂತ ದೂರ ಹೋಗದ ಹುಡುಗನೊಬ್ಬ ಹಡಗು ಹತ್ತಿ ಹೋಗಿ, ಅಲ್ಲಿ ಇದ್ದು, ತಿರುಗಿ ಬಂದು, ಮತ್ತೆ ಹೊಲ ಉತ್ತ. ಏನು ನೋಡಿದೆ ಎಂದು ಯಾರೂ ಕೇಳಲಿಲ್ಲವಾದ್ದರಿಂದ ಯಾರಿಗೂ ಹೇಳಲಿಲ್ಲ. ಅವನು ಅಲ್ಲಿದ್ದ ಎಂಬುದಕ್ಕೆ ಅಂಚಿನ ಆ ಒಂದು ಸಾಲು ಸಾಕ್ಷಿ. ಅದನ್ನು ಓದುವ ಕೆಲಸವಷ್ಟೇ ನಮ್ಮ ಪಾಲಿಗೆ ಉಳಿದಿದೆ.